ಅತ್ತಾವರದ ಹಳೆಯ ನಕ್ಷೆಯಲ್ಲಿ ಅಜ್ಜಿಯ ಹಿತ್ತಿಲು

ತಾಯಿಯ ಕಡೆಯ ಕುಟುಂಬದ ಕುರಿತು ನಮ್ಮಲ್ಲಿ ಉಳಿದಿದ್ದ ಲಿಖಿತ ದಾಖಲೆ ಒಂದೇ: 1952ರಲ್ಲಿ ಮಂಗಳೂರಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಒಂದು ವಿಭಾಗಪತ್ರ. ಅಳಿಯಕಟ್ಟಿನ, ಅಂದರೆ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿದುಬರುವ ಕುಟುಂಬದವರಿಗೆ ಪಾಲು ಕೇಳುವ ಹಕ್ಕನ್ನು 1949ರ ಮದ್ರಾಸು ಅಳಿಯಸಂತಾನ ಕಾಯಿದೆ ಕೊಟ್ಟ ಮೇಲೆ ದಕ್ಷಿಣ ಕನ್ನಡದ ಅನೇಕ ಮನೆಗಳಲ್ಲಿ ಇಂಥ ಪತ್ರಗಳು ಹುಟ್ಟಿದವು. ಜಿಲ್ಲೆ ಆಗಿನ್ನೂ ಮದ್ರಾಸಿನ ಆಡಳಿತದಲ್ಲಿದ್ದುದರಿಂದ ನಮ್ಮ ಪತ್ರವೂ ಮದ್ರಾಸು ಸರಕಾರದ ಛಾಪಾ ಕಾಗದದ ಮೇಲೆಯೇ ಇದೆ. ಅದರ ಷೆಡ್ಯೂಲಿನಲ್ಲಿ ಅಜ್ಜಿಯ ಪಾಲಿಗೆ ಬಂದ ಹಿತ್ತಿಲಿನ ವಿವರ ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆ: ಮಂಗಳೂರು ತಾಲೂಕು, ಅತ್ತಾವರ ಗ್ರಾಮ, ಒಂದು ಆರ್.ಎಸ್. ನಂಬ್ರ (ಕಂದಾಯ ದಾಖಲೆಯ ಸರ್ವೆ ನಂಬ್ರ), ಅದರ ಮುಂದೆ ಗೆರೆ ಎಳೆದು ಬರೆದ 1, ವಿಸ್ತೀರ್ಣ ಎಕ್ರೆ 1-18 ಸೆಂಟ್ಸ್, ಅನಂತರ ಚತುಸ್ಸೀಮೆ. ಮೂಡು ಅಗಳು ಮತ್ತು ನಡೆದಾರಿ, ತೆಂಕು ರೈಲ್ವೆಗೆ ಸೇರಿದ ಸ್ಥಳ, ಪಡು ತೋಡು, ಬಡಗು ಬೇರೆಯವರ ಹಿತ್ತಿಲು.

ಆ ಹಿತ್ತಿಲು ಈಗ ಇಲ್ಲ. ಮಾರಾಟವಾಗಿ, ತುಂಡಾಗಿ, ಅದರ ಮೇಲೆ ವಸತಿ ಸಮುಚ್ಚಯಗಳು ಎದ್ದು ಬಹಳ ಕಾಲವಾಗಿದೆ. ಮನೆ ನಿಂತಿದ್ದ ಜಾಗ ಯಾವುದು ಎಂಬ ವಿಷಯದಲ್ಲಿ ನಮ್ಮ ಹಿರಿಯರಲ್ಲಿಯೇ ಒಮ್ಮತವಿರಲಿಲ್ಲ. ಇನ್ನೊಂದು ಮಾತಿನಲ್ಲಿ ಮಾತ್ರ ಎಲ್ಲರಿಗೂ ಒಮ್ಮತವಿತ್ತು. 1923ರ ನೇತ್ರಾವತಿಯ ಮಹಾನೆರೆಯಲ್ಲಿ, ಅಂದರೆ ಇಂದಿಗೂ ಹಳಬರು ಮಾರಿಬೊಳ್ಳವೆಂದು ಕರೆಯುವ ಆ ನೆರೆಯಲ್ಲಿ, ಬಂಟ್ವಾಳದ ಮನೆ ಕಳೆದುಕೊಂಡ ಅಜ್ಜ ಮಂಗಳೂರಿಗೆ ಬಂದು, ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿ ಸೇರಿ, ಆ ಜಾಗವನ್ನು ಸಂಪಾದಿಸಿ ಮನೆ ಕಟ್ಟಿದರು ಎಂಬುದು ನಾವು ಬಾಲ್ಯದಿಂದ ಕೇಳಿದ ಕಥೆ. ಈ ಎರಡನ್ನೂ ಹಳೆಯ ನಕ್ಷೆಗಳ ಮುಂದಿಟ್ಟು ನೋಡಿದ ಕೆಲಸದ ವಿವರ ಇಲ್ಲಿದೆ. ಇದೇ ಊರಿನ ಬೇರೆ ಕುಟುಂಬಗಳಿಗೆ ಉಪಯೋಗವಾಗಲಿ ಎಂದು ಕ್ರಮವನ್ನು ಸ್ವಲ್ಪ ಬಿಡಿಸಿಯೇ ಬರೆಯುತ್ತಿದ್ದೇನೆ.

ಮೊದಲು ತಿಳಿದಿರಬೇಕಾದ ಸಂಗತಿ ಏನೆಂದರೆ, ಕಂದಾಯ ಇಲಾಖೆಯ ಕಣ್ಣಿಗೆ ಮಂಗಳೂರು ಒಂದು ಊರಲ್ಲ, ಹಲವು ಗ್ರಾಮಗಳ ಗುಂಪು. ಕಸಬಾ ಬಜಾರ್, ಮಂಗಳೂರು ತೋಟ, ಅತ್ತಾವರ, ಕೊಡಿಯಾಲ್‌ಬೈಲ್, ಬೋಳೂರು, ಕದ್ರಿ ಇವೆಲ್ಲ ದಾಖಲೆಯಲ್ಲಿ ಇಂದಿಗೂ ಗ್ರಾಮಗಳೇ. ನಾವು ದಿನನಿತ್ಯ ಹೇಳುವ ಬಡಾವಣೆಯ ಹೆಸರುಗಳಿಗೂ ಈ ಗ್ರಾಮದ ಹೆಸರುಗಳಿಗೂ ಹೊಂದಿಕೆ ಇರಲೇಬೇಕೆಂದಿಲ್ಲ. ಮನೆಯವರು ಜೆಪ್ಪು ಎಂದು ಹೇಳುತ್ತಿದ್ದ ಸ್ಥಳ ನಮ್ಮ ಪತ್ರದಲ್ಲಿ ಅತ್ತಾವರ ಗ್ರಾಮವಾಗಿರುವುದು ಇದೇ ಕಾರಣದಿಂದ. ಆದ್ದರಿಂದ ಯಾವ ನಕ್ಷೆಯನ್ನು ಹುಡುಕುವುದಕ್ಕೂ ಮೊದಲು ಮನೆಯ ಯಾವುದಾದರೂ ಒಂದು ಹಳೆಯ ಪತ್ರದಲ್ಲಿ ಗ್ರಾಮದ ಹೆಸರು ಮತ್ತು ಸರ್ವೆ ನಂಬ್ರವನ್ನು ಓದಿಟ್ಟುಕೊಳ್ಳಬೇಕು. ಕ್ರಯಪತ್ರ, ಮೂಲಗೇಣಿ ಚೀಟು (ಶಾಶ್ವತ ಗೇಣಿಯ ಪತ್ರ), ಅಡವು ಪತ್ರ, ತೀರ್ವೆ (ಭೂಕಂದಾಯ) ಕಟ್ಟಿದ ರಶೀದಿ, ಯಾವುದಾದರೂ ಆಗಬಹುದು. ನಂಬ್ರ ಕೈಯಲ್ಲಿಲ್ಲದೆ ನಕ್ಷೆಯನ್ನು ನೋಡಿದರೆ ಅದು ನೋಡಲು ಚೆನ್ನಾಗಿರುತ್ತದೆ, ಅಷ್ಟೇ.

ಗ್ರಾಮ ನಕ್ಷೆ ಸಿಕ್ಕಿದ್ದು ರಾಜ್ಯದ ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ. ಜಿಲ್ಲೆ, ತಾಲೂಕು, ಹೋಬಳಿ ಆಯ್ದುಕೊಂಡರೆ ಗ್ರಾಮಗಳ ಪಟ್ಟಿ ಬರುತ್ತದೆ. ಹೆಸರಿನ ಎದುರಿನ ಪಿಡಿಎಫ್ ಕಡತವನ್ನು ಶುಲ್ಕವಿಲ್ಲದೆ ಇಳಿಸಿಕೊಳ್ಳಬಹುದು. ಹಳೆಯ ಪ್ರತಿಯನ್ನು ಸ್ಕ್ಯಾನ್ ಮಾಡಿದ ಕಡತವಾದ್ದರಿಂದ ಮಡಿಕೆಯ ಗೆರೆಗಳು, ತೇವದ ಕಲೆಗಳು, ಅಂಕಿಗಳ ಮೇಲೆ ಬಿದ್ದ ಮಸಿ ಎಲ್ಲವೂ ಹಾಗೆಯೇ ಬಂದಿವೆ. ದೊಡ್ಡದು ಮಾಡಿ ನೋಡಿದಾಗ 3 ಮತ್ತು 8, 1 ಮತ್ತು 7 ಒಂದೇ ರೀತಿ ಕಾಣುತ್ತವೆ. ಇದಕ್ಕೆ ಒಳ್ಳೆಯ ಉಪಾಯವೆಂದರೆ ಅಕ್ಕಪಕ್ಕದ ನಂಬ್ರಗಳನ್ನು ಓದುವುದು. ಸರ್ವೆ ನಂಬ್ರಗಳು ಸಾಮಾನ್ಯವಾಗಿ ಒಂದರ ಪಕ್ಕದಲ್ಲಿ ಇನ್ನೊಂದು ಎಂಬಂತೆ ಸಾಲಾಗಿ ಸಾಗುವುದರಿಂದ, ಸ್ಪಷ್ಟವಾಗಿರುವ ನಾಲ್ಕಾರು ನಂಬ್ರಗಳ ನಡುವೆ ಅಸ್ಪಷ್ಟವಾದುದು ಯಾವುದಿರಬೇಕೆಂದು ನಿಶ್ಚಯಿಸಬಹುದು.

ನಕ್ಷೆಯನ್ನು ಓದುವ ಮೊದಲು ಅದರ ಕಾಲವನ್ನು ಓದಬೇಕು. ಅಂಚಿನಲ್ಲಿ ಅಳತೆ ನಡೆದ ವರ್ಷವೊಂದು, ಮುದ್ರಣವಾದ ವರ್ಷವೊಂದು ಇರುವುದುಂಟು. ನಡುವೆ ಕೈಯಿಂದ ಸೇರಿಸಿದ ತಿದ್ದುಪಡಿಗಳೂ ಇರುತ್ತವೆ. ಒಂದೇ ಹಾಳೆಯಲ್ಲಿ ಎರಡು ಮೂರು ಕಾಲಗಳು ಒಟ್ಟಿಗೆ ಕುಳಿತಿರುತ್ತವೆ ಎಂಬ ಎಚ್ಚರವಿಲ್ಲದಿದ್ದರೆ ಊಹೆಗಳು ದಾರಿತಪ್ಪುತ್ತವೆ. ಮಂಗಳೂರಿನ ಮಟ್ಟಿಗೆ ಕಾಲವನ್ನು ಗುರುತಿಸಲು ನನಗೆ ಹೆಚ್ಚು ನೆರವಾದದ್ದು ರೈಲು. ದಕ್ಷಿಣದಿಂದ ನೇತ್ರಾವತಿಯನ್ನು ದಾಟಿ ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಹಳಿಯಿಲ್ಲದ ಹಾಳೆ ಅದಕ್ಕೂ ಹಿಂದಿನ ಅಳತೆಯದು, ಹಳಿಯಿರುವ ಹಾಳೆ ಅನಂತರದ್ದು ಅಥವಾ ಅನಂತರ ತಿದ್ದಿದ್ದು. ಹಾಸನದ ಮಾರ್ಗವೂ ಇಂಥದೇ ಗುರುತು, ಅದು ತೆರೆದದ್ದು 1979ರಲ್ಲಿ. ಹಾಗೆಯೇ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ ಮೊದಲಾದ ಉದ್ಯಮಗಳು ಮೊದಲ ಮಹಾಯುದ್ಧದ ಪರಿಣಾಮವಾಗಿ ಅವರ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಆದ್ದರಿಂದ ಕಾರ್ಖಾನೆಯ ಪಕ್ಕದಲ್ಲಿ ಯಾವ ಹೆಸರಿದೆ ಎಂಬುದರ ಮೇಲಿಂದಲೂ ಯುದ್ಧದ ಮೊದಲಿನ ಹಾಳೆ ಯಾವುದು, ಅನಂತರದ್ದು ಯಾವುದು ಎಂದು ಬೇರ್ಪಡಿಸಬಹುದು. ಕೇಂದ್ರ ಮೈದಾನ ನೆಹರೂ ಮೈದಾನವಾದದ್ದು, ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡು ಸದಾಶಿವ ರಾಯರ ಹೆಸರು ರಸ್ತೆಗೆ ಬಂದದ್ದು, ಇವೂ ಕಾಲಸೂಚಕಗಳೇ.

ಅತ್ತಾವರದ ಹಾಳೆಯಲ್ಲಿ ಹಳಿ ಇತ್ತು. ನಮ್ಮ ಪತ್ರದ ತೆಂಕಣ ಗಡಿ ರೈಲ್ವೆ ಸ್ಥಳವಾದುದರಿಂದ ಹಳಿಯ ಬಡಗು ಬದಿಯಲ್ಲಿ ಹುಡುಕುತ್ತ ಹೋದೆ. ಪಶ್ಚಿಮಕ್ಕೆ ತೋಡು ಇರುವ ಕಡೆ ಬಂದಾಗ ನಂಬ್ರ ಸಿಕ್ಕಿತು. ಆದರೆ ನಂಬ್ರದ ಗಡಿರೇಖೆ ಹಳಿಯ ಬಳಿ ನಿಲ್ಲುತ್ತಿರಲಿಲ್ಲ. ಅದು ಹಳಿಯನ್ನು ದಾಟಿ ತೆಂಕು ಬದಿಗೂ ಹೋಗಿ, ಅಲ್ಲಿ ಒಂದು ತುಂಡು ನೆಲವನ್ನು ಸುತ್ತಿಕೊಂಡು ಬಂದಿತ್ತು. ಒಂದೇ ಹಿತ್ತಿಲನ್ನು ಹಳಿ ಎರಡಾಗಿ ಸೀಳಿದ್ದು ಅಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ನಮ್ಮ ಪತ್ರದಲ್ಲಿ ನಂಬ್ರದ ಮುಂದೆ 1 ಎಂದಿದ್ದರೆ 2 ಮತ್ತು 3 ಎಲ್ಲಿಯೋ ಇರಲೇಬೇಕಲ್ಲ ಎಂಬುದು ಆಗ ಹೊಳೆಯಿತು.

ಈ ವಿಷಯವನ್ನು ಸೋದರಮಾವನವರ ಮುಂದಿಟ್ಟಾಗ ಅವರು ಬಹಳ ಹೊತ್ತು ನಕ್ಷೆಯನ್ನು ನೋಡಿದರು. "ಹಳಿಯ ಆಚೆಗೂ ನಮ್ಮ ತೆಂಗಿನಮರಗಳು ಇದ್ದವು ಎಂದು ನಿನ್ನ ಅಜ್ಜಿ ಹೇಳುತ್ತಿದ್ದರು. ಮುತ್ತಜ್ಜಿ ಹಳಿ ದಾಟಿ ಹೋಗಿ ಕಾಯಿ ಹೆಕ್ಕಿಸುತ್ತಿದ್ದರಂತೆ. ಅದು ಯಾರದೋ ಜಾಗದ ಮಾತು ಎಂದು ನಾವು ಬಿಟ್ಟೆವು" ಎಂದರು. "ಮಾವ, ಆ ಜಾಗ ನಂಬ್ರದೊಳಗೇ ಉಂಟು, ನೋಡಿ" ಎಂದು ಗೆರೆಯನ್ನು ತೋರಿಸಿದೆ. ಹಿರಿಯರೊಡನೆ ಮಾತಾಡುವಾಗ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಳ್ಳುವುದು ಅತ್ಯಂತ ಫಲಕಾರಿ ಕ್ರಮವೆಂದು ಅಂದು ಮನವರಿಕೆಯಾಯಿತು. ನೇರವಾಗಿ ಕೇಳಿದರೆ ನೆನಪಾಗದ ಸಂಗತಿಗಳು ಒಂದು ಬಾವಿಯ ಗುರುತನ್ನೋ ಒಂದು ಓಣಿಯ ತಿರುವನ್ನೋ ಬೆರಳಿಟ್ಟು ತೋರಿಸಿದಾಗ ತಾವಾಗಿ ಹೊರಬರುತ್ತವೆ. ಫೋನಿನ ಪರದೆಯಲ್ಲಿ ತೋರಿಸಿದರೆ ಈ ಪರಿಣಾಮವಿಲ್ಲ. ದೊಡ್ಡ ಹಾಳೆಯಲ್ಲಿ ಮುದ್ರಿಸಿಕೊಂಡು ಹೋಗಬೇಕು.

ಗ್ರಾಮ ನಕ್ಷೆಯಲ್ಲಿ ಮೂಲ ನಂಬ್ರಗಳಷ್ಟೇ ಇರುತ್ತವೆ; ಪೋಟು ನಂಬ್ರಗಳ, ಅಂದರೆ ಅವುಗಳ ಒಳವಿಭಾಗಗಳ ವಿವರಕ್ಕೆ ಎಫ್.ಎಂ.ಬಿ., ಅಂದರೆ ಫೀಲ್ಡ್ ಮೆಷರ್‌ಮೆಂಟ್ ಬುಕ್ಕಿನ ನಕ್ಷೆ ಬೇಕು. ಮದ್ರಾಸು ಪದ್ಧತಿಯಲ್ಲಿ ಅಳತೆಯಾದ ನಮ್ಮ ಜಿಲ್ಲೆಯಲ್ಲಿ ಪ್ರತಿಯೊಂದು ಸರ್ವೆ ನಂಬ್ರಕ್ಕೂ ಇಂಥ ಒಂದು ಚಿತ್ರ ಇರುತ್ತದೆ. ಇದಕ್ಕೆ ಸರ್ವೆ ವಿಭಾಗದಲ್ಲಿ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ದೃಢೀಕೃತ ನಕಲು ಪಡೆಯಬೇಕಾಯಿತು. ತಡವಾದರೂ ಸಿಕ್ಕಿತು. ಅದರಲ್ಲಿ ಅಡಿ ಅಥವಾ ಮೀಟರುಗಳಿಲ್ಲ, ಲಿಂಕುಗಳಿವೆ. ಒಂದು ಚೈನು 66 ಅಡಿ, ಅದರಲ್ಲಿ 100 ಲಿಂಕು. ಒಂದು ಚೈನು ಉದ್ದ ಒಂದು ಚೈನು ಅಗಲದ ಚೌಕ 10 ಸೆಂಟ್ಸು, ಅಂದರೆ ಎಕ್ರೆಯ ಹತ್ತರಲ್ಲೊಂದು ಭಾಗ. ಘಟ್ಟದ ಮೇಲಿನವರು ಗುಂಟೆಯಲ್ಲಿ ಲೆಕ್ಕ ಹಾಕಿದರೆ ನಾವು ಇಂದಿಗೂ ಸೆಂಟ್ಸಿನಲ್ಲಿ ಮಾತಾಡುವುದು ಈ ಪದ್ಧತಿಯ ಬಳುವಳಿ. ಚಿತ್ರದಲ್ಲಿ ಕೊಟ್ಟ ಲಿಂಕುಗಳಿಂದ ತ್ರಿಕೋನಗಳನ್ನು ಮಾಡಿ ಕ್ಷೇತ್ರಫಲ ಲೆಕ್ಕ ಹಾಕಿದಾಗ ವಿಭಾಗ 1 ಎಂಬುದು ಪತ್ರದಲ್ಲಿದ್ದ 1-18ಕ್ಕೆ ಹೊಂದಿತು. ವಿಭಾಗ 2 ರೈಲ್ವೆಗೆ ಹೋದ ಪಟ್ಟೆ. ವಿಭಾಗ 3 ಹಳಿಯ ತೆಂಕಿನ ತುಂಡು.

ಇದನ್ನು ಇಂದಿನ ಊರಿನ ಮೇಲೆ ಇಡುವ ಕೆಲಸಕ್ಕೆ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶವನ್ನು ಬಳಸಿದೆ. ಹಳೆಯ ನಕ್ಷೆಯಲ್ಲೂ ಇಂದಿನ ಉಪಗ್ರಹ ಚಿತ್ರದಲ್ಲೂ ಕಾಣುವ ಒಂದೇ ಬಿಂದುವನ್ನು ಜೋಡಿ ಜೋಡಿಯಾಗಿ ಗುರುತಿಸುತ್ತ ಹೋದರೆ ಅದು ಹಳೆಯ ಹಾಳೆಯನ್ನು ತಿರುಗಿಸಿ, ಹಿಗ್ಗಿಸಿ ತಕ್ಕ ಸ್ಥಾನದಲ್ಲಿ ಕೂರಿಸುತ್ತದೆ. ಕೆಲಸದ ಗುಣಮಟ್ಟವೆಲ್ಲ ಬಿಂದುಗಳ ಆಯ್ಕೆಯಲ್ಲಿದೆ. ರಸ್ತೆಗಳು ಕೂಡುವ ಜಾಗ ಸುಲಭವಾಗಿ ಕಾಣುತ್ತದೆಯಾದರೂ ಮಂಗಳೂರಿನ ರಸ್ತೆಗಳು ಅಗಲವಾಗುವಾಗ ಹೆಚ್ಚಾಗಿ ಒಂದೇ ಬದಿಗೆ ಸರಿದಿವೆ; ಹಂಪನಕಟ್ಟೆಯಂಥ ಜಾಗವನ್ನು ನಂಬುವಂತಿಲ್ಲ. ಹೊಳೆಯ ದಡವನ್ನಂತೂ ಮುಟ್ಟಲೇಬಾರದು. ನಾನು ಆಯ್ದುಕೊಂಡದ್ದು ಹಳಿ ತಿರುಗುವ ಸ್ಥಳಗಳು, ಹಳಿಯ ಕೆಳಗಿನ ಹಳೆಯ ಮೋರಿಗಳು, ಜೆಪ್ಪುವಿನ ಸೆಮಿನರಿಯ ಆವರಣದ ಮೂಲೆಗಳು, ಪಕ್ಕದ ಹಾಳೆಗೆ ಸೇರಿದ ಗುಜ್ಜರಕೆರೆಯ ಕಲ್ಲಿನ ಅಂಚು. ಮಿಲಾಗ್ರಿಸ್ ಚರ್ಚಿನ ಈಗಿನ ಕಟ್ಟಡ 20ನೆಯ ಶತಮಾನದ್ದಾದರೂ ಚರ್ಚಿನ ಸ್ಥಳ ಅದೇ ಆದುದರಿಂದ ಸಾಧಾರಣ ಪರಿಶೀಲನೆಗೆ ಅದೂ ಸಾಕು. ಬಿಂದುಗಳನ್ನು ಹಾಳೆಯ ನಾಲ್ಕೂ ದಿಕ್ಕಿಗೆ ಹರಡುವುದು ಮುಖ್ಯ. ಎಲ್ಲವನ್ನೂ ಒಂದು ಮೂಲೆಯಲ್ಲಿ ಇಟ್ಟರೆ ಆ ಮೂಲೆ ಸರಿಯಾಗಿ ಕೂತು ಉಳಿದದ್ದು ಜಾರುತ್ತದೆ. ಹಾಳೆಯನ್ನು ಬೇಕಾದಂತೆ ಬಗ್ಗಿಸುವ ವಿಧಾನಗಳೂ ತಂತ್ರಾಂಶದಲ್ಲಿವೆ. ಅವುಗಳಲ್ಲಿ ತಾಳೆ ಚೆನ್ನಾಗಿ ಆದಂತೆ ಕಾಣುತ್ತದೆ, ಆದರೆ ದೋಷವಿರುವ ಬಿಂದುವೂ ಅಡಗಿಹೋಗುತ್ತದೆ. ಸರಳವಾದ ವಿಧಾನವನ್ನೇ ಇಟ್ಟುಕೊಂಡು, ಪ್ರತಿ ಬಿಂದುವಿನ ಮುಂದೆ ತೋರಿಸುವ ವ್ಯತ್ಯಾಸವನ್ನು ನೋಡಿ, ಹೆಚ್ಚು ತಪ್ಪುವ ಬಿಂದುವನ್ನು ಕೈಬಿಡುವುದು ನನ್ನ ದೃಷ್ಟಿಯಲ್ಲಿ ಪ್ರಾಮಾಣಿಕವಾದ ಕ್ರಮ.

ಪಿಡಿಎಫ್ ಹಾಳೆಯನ್ನು ಮನೆಯಲ್ಲಿ ಮುದ್ರಿಸಿದಾಗ ಅದರ ಮೇಲೆ ಬರೆದಿರುವ ಅಳತೆಯ ಪ್ರಮಾಣ ನಿಜವಾಗಿ ಉಳಿದಿರುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಇಂಚಿಗೆ ಇಷ್ಟು ಚೈನು ಎಂಬ ಬರಹವನ್ನು ಬಿಟ್ಟು, ಹಾಳೆಯಲ್ಲಿ ಅಳತೆಪಟ್ಟಿ ಇದ್ದರೆ ಅದನ್ನೇ ಆಧರಿಸಬೇಕು. ಹಾಳೆ ಹಿಗ್ಗಿದರೂ ಕುಗ್ಗಿದರೂ ಪಟ್ಟಿ ಅದರೊಡನೆ ಹಿಗ್ಗಿ ಕುಗ್ಗುತ್ತದೆ.

ಬೇರೆ ಆಕರಗಳನ್ನೂ ನೋಡಿದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಮೈಲಿಗೆ ಒಂದು ಇಂಚಿನ ಹಾಳೆಗಳಲ್ಲಿ ಮಂಗಳೂರು 48 ಎಲ್/13ರಲ್ಲಿ ಬರುತ್ತದೆ. ಅದರಲ್ಲಿ ಮನೆಗಳನ್ನು ಹುಡುಕಲಾಗದು. ಆದರೆ ಗುಡ್ಡ, ಬೈಲು, ತೋಡುಗಳ ಒಟ್ಟು ವಿನ್ಯಾಸ ತಿಳಿಯುತ್ತದೆ. ಅದರ ಅಂಚಿನ ಅಕ್ಷಾಂಶ ರೇಖಾಂಶಗಳನ್ನು ನೇರವಾಗಿ ಇಂದಿನ ಜಿಪಿಎಸ್‌ಗೆ ಹೊಂದಿಸಬಾರದು. ಹಳೆಯ ಭಾರತೀಯ ನಕ್ಷೆಗಳು ಎವರೆಸ್ಟ್ ಎಂಬ ಭೂಮಾನವನ್ನು (ಭೂಮಿಯ ಆಕಾರದ ಲೆಕ್ಕದ ಮಾದರಿಯನ್ನು) ಆಧರಿಸಿವೆ, ಇಂದಿನ ಉಪಕರಣಗಳು ಡಬ್ಲ್ಯೂಜಿಎಸ್ 84 ಎಂಬುದನ್ನು. ಪರಿವರ್ತಿಸದಿದ್ದರೆ ಸುಮಾರು ನೂರು ಮೀಟರಿನಷ್ಟು ಜಾಗ ಸರಿದುಹೋಗುತ್ತದೆ. ಅಮೆರಿಕದ ಸೇನಾ ನಕ್ಷಾ ವಿಭಾಗ 1950ರ ದಶಕದಲ್ಲಿ ಭಾರತಕ್ಕಾಗಿ ಸಿದ್ಧಪಡಿಸಿದ 2,50,000ಕ್ಕೆ ಒಂದು ಪ್ರಮಾಣದ ಹಾಳೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಎಲ್ಲರಿಗೂ ತೆರೆದಿಟ್ಟಿದೆ; ಪಣಂಬೂರಿನಲ್ಲಿ ಬಂದರು ಹುಟ್ಟುವ ಮೊದಲಿನ ಕರಾವಳಿ ನೋಡಬೇಕಾದವರಿಗೆ ಅವು ಉಪಯುಕ್ತ. ನಮ್ಮ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ತಾಣದಲ್ಲಿಯೂ ಹಳೆಯ ನಕ್ಷೆಗಳಿವೆ. ಅಲ್ಲಿ ಮ್ಯಾಂಗಲೋರ್, ಸೌತ್ ಕೆನರಾ ಎಂಬ ಹಳೆಯ ಇಂಗ್ಲಿಷ್ ಹೆಸರುಗಳ ಬೇರೆ ಬೇರೆ ಕಾಗುಣಿತಗಳನ್ನು ಹಾಕಿ ಹುಡುಕುವ ತಾಳ್ಮೆ ಬೇಕು. ಪೋರ್ಚುಗೀಸರು 1635ರಲ್ಲಿ ತಮ್ಮ ಕೋಟೆಗಳ ಕುರಿತು ಸಿದ್ಧಪಡಿಸಿದ ಸಚಿತ್ರ ವರದಿಯಲ್ಲಿ ಮಂಗಳೂರಿನ ಕೋಟೆಯ ಚಿತ್ರವೂ ಇದೆ. ಊರಿನ ಇತಿಹಾಸಕ್ಕೆ ಅದು ಅಮೂಲ್ಯ, ಕುಟುಂಬದ ಇತಿಹಾಸಕ್ಕೆ ಅದರಿಂದ ಏನೂ ದೊರೆಯದು.

ಬಾಸೆಲ್ ಮಿಶನ್ನಿನ ದಾಖಲೆಗಳ ಮಾತು ಬೇರೆ. 1834ರಲ್ಲಿ ಮಂಗಳೂರಿಗೆ ಬಂದ ಈ ಮಿಶನರಿಗಳು ತಮ್ಮ ಕೇಂದ್ರಗಳ ಪತ್ರ, ಛಾಯಾಚಿತ್ರ, ನಕ್ಷೆಗಳನ್ನು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ಕಳುಹಿಸಿ ಜೋಪಾನ ಮಾಡಿದರು. ಅವುಗಳ ದೊಡ್ಡ ಭಾಗ ಈಗ ಡಿಜಿಟಲ್ ರೂಪದಲ್ಲಿ ಲಭ್ಯವಿದೆ. ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಆರಂಭಿಸಿದ ಜೆಪ್ಪುವಿನ ಹಂಚಿನ ಕಾರ್ಖಾನೆಯ ಕಾಲ ಮತ್ತು ಕೆಲಸವನ್ನು ತಿಳಿಯಲು ಈ ಸಂಗ್ರಹದಷ್ಟು ಒಳ್ಳೆಯ ಆಕರ ನನಗೆ ಬೇರೆ ಸಿಗಲಿಲ್ಲ. ಇಲ್ಲಿ ಒಂದು ಮಾತು. ಹಳೆಯ ಮನೆಯ ಹಂಚಿನ ಬೆನ್ನ ಮೇಲೆ 1865 ಎಂಬ ಮುದ್ರೆಯನ್ನು ಕಂಡು ಮನೆ ಆ ವರ್ಷದ್ದೆಂದು ಹೇಳುವವರನ್ನು ನಾನು ಅನೇಕ ಕಡೆ ಕಂಡಿದ್ದೇನೆ. ಅದು ಕಾರ್ಖಾನೆ ಸ್ಥಾಪನೆಯಾದ ವರ್ಷ. ಎಷ್ಟೋ ದಶಕಗಳ ಅನಂತರ ಸುಟ್ಟ ಹಂಚಿನ ಮೇಲೂ ಅದೇ ಇರುತ್ತದೆ. ಮನೆಯ ಕಾಲವನ್ನು ಹಂಚಿನಿಂದ ಹೇಳಲಾಗದು, ಪತ್ರದಿಂದ ಹೇಳಬೇಕು.

ಹೊಂದಿಸಿದ ನಕ್ಷೆಯನ್ನು ಫೋನಿಗೆ ಹಾಕಿಕೊಂಡು ಆ ಓಣಿಯಲ್ಲಿ ನಡೆದೆ. ಪಡುವಣ ತೋಡು ಕಾಂಕ್ರೀಟು ಹಾಸಿದ ಚರಂಡಿಯಾಗಿ ಅದೇ ತಿರುವುಗಳೊಡನೆ ಇನ್ನೂ ಹರಿಯುತ್ತದೆ. ಮೂಡಣ ಅಗಳು ಮತ್ತು ನಡೆದಾರಿ ಸೇರಿ ಈಗಿನ ಓಣಿಯಾಗಿದೆ. ಓಣಿ ಒಂದು ಕಡೆ ಕಾರಣವಿಲ್ಲದೆ ಬಾಗುವುದನ್ನು ನಾನು ಮೊದಲೂ ಗಮನಿಸಿದ್ದೆ, ಆ ಬಾಗು ನಮ್ಮ ಹಿತ್ತಿಲಿನ ಮೂಲೆಗಲ್ಲಿನ ಸ್ಥಾನ. ಸಮುಚ್ಚಯದಲ್ಲಿ ಮನೆ ಇರುವ ಪರಿಚಿತರೊಬ್ಬರು ತಮ್ಮ ಕ್ರಯಪತ್ರದ ಷೆಡ್ಯೂಲನ್ನು ಓದಿ ಹೇಳಿದರು. ಮಂಗಳೂರಿನ ಪತ್ರಗಳಲ್ಲಿ ಹಳೆಯ ಆರ್.ಎಸ್. ನಂಬ್ರದ ಜೊತೆಗೆ ಪಟ್ಟಣ ಸರ್ವೆಯ ಟಿ.ಎಸ್. ನಂಬ್ರವನ್ನೂ ಬರೆಯುವ ವಾಡಿಕೆಯಿರುವುದರಿಂದ, ನೂರು ವರ್ಷದ ಹಿಂದಿನ ಹಿತ್ತಿಲಿಗೂ ಇಂದಿನ ಕಟ್ಟಡಕ್ಕೂ ಕೊಂಡಿ ಆ ಒಂದೇ ಸಾಲಿನಲ್ಲಿ ದೊರೆಯಿತು. ಈ ಎರಡು ನಂಬ್ರಗಳಲ್ಲಿ ಒಂದನ್ನು ಮಾತ್ರ ಬರೆದುಕೊಂಡು ಹೋಗುವವರು ಅರ್ಧ ದಾರಿಯಲ್ಲಿ ನಿಲ್ಲುತ್ತಾರೆ.

ನಕ್ಷೆಯಲ್ಲಿ ಬಾವಿಯ ಗುರುತೊಂದಿತ್ತು. ಸಮುಚ್ಚಯದ ಪಾಗಾರದ ಬಡಗು ಬದಿಯ ಹಳೆಯ ಮನೆಯಲ್ಲಿ ಇರುವ, ತೊಂಬತ್ತರ ಸಮೀಪದ ಬಾಯಮ್ಮನವರನ್ನು ಕೇಳಿದೆ. "ಆ ಬಾವಿ ಮುಚ್ಚಲಿಲ್ಲ ಮಗಾ, ಉಂಟು. ಬಿಲ್ಡಿಂಗಿನವರು ಮೇಲೆ ಜಾಲರಿ ಹಾಕಿ ಪಂಪು ಇಟ್ಟಿದ್ದಾರೆ" ಎಂದು ಅವರು ಹೇಳಿದರು. ಕಾವಲುಗಾರ ಅನುಮತಿ ಕೊಟ್ಟ ಮೇಲೆ ಹೋಗಿ ನೋಡಿದೆ. ಮುರಕಲ್ಲಿನ ಹಳೆಯ ಕಟ್ಟೋಣವೇ ಅದು. ನಕ್ಷೆಯಲ್ಲಿ ತೋರಿದ ಸ್ಥಾನಕ್ಕೂ ಅದಕ್ಕೂ ಕೆಲವೇ ಅಡಿಗಳ ಅಂತರ. ಬಾವಿ ಮನೆಯ ಬಡಗು ಮೂಲೆಯಲ್ಲಿತ್ತು ಎಂಬ ವಿಷಯದಲ್ಲಿ ಹಿರಿಯರಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲವಾದ್ದರಿಂದ ಮನೆಯ ಸ್ಥಳ ಅಲ್ಲಿಗೆ ನಿಶ್ಚಿತವಾಯಿತು.

ಬಾಯಮ್ಮನವರ ಮನೆಯಲ್ಲಿ ನನಗೆ ದೊರೆತ ಇನ್ನೊಂದು ವಸ್ತುವಿನ ಬೆಲೆ ಅದಕ್ಕಿಂತ ಹೆಚ್ಚು. ನಮ್ಮ ಪತ್ರದ ಬಡಗಣ ಗಡಿ ಅವರ ಹಿತ್ತಿಲು. ಹಾಗಿದ್ದರೆ ಅವರ ಪತ್ರದ ತೆಂಕಣ ಗಡಿ ನಮ್ಮದಾಗಿರಲೇಬೇಕು. ಇದನ್ನು ವಿವರಿಸಿ ಕೇಳಿದಾಗ ಅವರ ಮಗ ಪೆಟ್ಟಿಗೆಯಿಂದ 1911ರ ಒಂದು ಮೂಲಗೇಣಿ ಚೀಟನ್ನು ತೆಗೆದು ಕೊಟ್ಟರು. ತೆಂಕಣ ಗಡಿಯ ಸಾಲಿನಲ್ಲಿ ನಮ್ಮ ಮುತ್ತಜ್ಜಿಯ ತಾಯಿಯ ಹೆಸರಿತ್ತು, ಅವರು ಕುಟುಂಬದ ಯಜಮಾನ್ತಿ ಎಂಬ ವಿಶೇಷಣದೊಡನೆ. ನಮ್ಮ ಮನೆಯ ಯಾವ ಕಾಗದದಲ್ಲಿಯೂ ಆ ಹೆಸರು ಇರಲಿಲ್ಲ. ಮನೆಯಲ್ಲಿ ಯಾರ ಬಾಯಲ್ಲಿಯೂ ಇರಲಿಲ್ಲ. ನೆರೆಯವರ ಗಡಿ ಬರೆಯುವ ಅಗತ್ಯಕ್ಕೆ ಯಾವನೋ ಪತ್ರಬರಹಗಾರ ಬರೆದ ಆ ಒಂದು ಸಾಲಿನಲ್ಲಿ ಮಾತ್ರ ಅದು ಉಳಿದಿತ್ತು.

ಆ ಹೆಸರು ಸಿಕ್ಕಿದ ಮೇಲೆ ಸೆಟಲ್‌ಮೆಂಟ್ ಕಾಲದ ರಿಜಿಸ್ಟರನ್ನು ಓದುವುದು ಸುಲಭವಾಯಿತು. ದಕ್ಷಿಣ ಕನ್ನಡದಲ್ಲಿ ಈ ಬಗೆಯ ಕ್ರಮಬದ್ಧ ಭೂಮಾಪನ ನಡೆದದ್ದು 19ನೆಯ ಶತಮಾನದ ಕೊನೆಯಲ್ಲಿ. ಅದರ ಆಧಾರದ ಮೇಲೆ ತೀರ್ವೆ ನಿಗದಿ ಮಾಡಿದಾಗ ಬರೆದ ರಿಜಿಸ್ಟರಿನಲ್ಲಿ ನಂಬ್ರ, ನಂಜ ಪುಂಜ ಬಾಗಾಯ್ತುಗಳ (ನೀರಿನ ಗದ್ದೆ, ಒಣಭೂಮಿ, ತೋಟಗಳ) ವರ್ಗೀಕರಣ, ವಿಸ್ತೀರ್ಣ, ತೀರ್ವೆ, ಪಟ್ಟಾದಾರರ ಹೆಸರು ಎಲ್ಲ ಇರುತ್ತವೆ. ದಾಖಲೆ ಕೊಠಡಿಯಲ್ಲಿ ಪಡೆದ ಪ್ರತಿಯಲ್ಲಿ ನಮ್ಮ ನಂಬ್ರದ ಎದುರಿಗೆ, ಒಳವಿಭಾಗಗಳಿಲ್ಲದ ಇಡೀ ಹಿತ್ತಿಲಿಗೆ, ಪಟ್ಟಾದಾರರಾಗಿ ಇದ್ದದ್ದು ಅದೇ ಹೆಸರು. ಅಂದರೆ ಹಳಿ ಬರುವ ಮೊದಲೇ, ಮಾರಿಬೊಳ್ಳಕ್ಕಿಂತ ಎಷ್ಟೋ ಮೊದಲೇ, ಆ ನೆಲ ಅಜ್ಜಿಯ ತಾಯಿಯ ಮನೆಯವರದು. 1901ರ ಜನಗಣತಿಯಲ್ಲಿ ಇಡೀ ಮಂಗಳೂರು ಪಟ್ಟಣದ ಜನಸಂಖ್ಯೆ 44,108 ಇದ್ದ ಕಾಲದಲ್ಲಿ ಹೆಂಗಸೊಬ್ಬರು ಯಜಮಾನ್ತಿಯಾಗಿ ಅದರ ತೀರ್ವೆ ಕಟ್ಟುತ್ತಿದ್ದರು.

ಅಜ್ಜನ ಕಥೆ ಸುಳ್ಳೇನೂ ಆಗಲಿಲ್ಲ. ನೆರೆಯ ಅನಂತರ ಅವರು ಬಂದದ್ದು, ಕಾರ್ಖಾನೆ ಸೇರಿದ್ದು, ಮಡಲು ಹೊದಿಸಿದ್ದ ಮನೆಯನ್ನು ಹಂಚಿನ ಮನೆಯಾಗಿ ಮಾಡಿದ್ದು ಇವಕ್ಕೆಲ್ಲ ಸೋದರಮಾವನವರ ನೆನಪು ಮತ್ತು ವಿಭಾಗಪತ್ರದ ಒಕ್ಕಣೆ ಎರಡೂ ಸಾಕ್ಷಿ. ಆದರೆ ಅವರು ಬಂದದ್ದು ಹೆಂಡತಿಯ ಮನೆಗೆ. ಅಳಿಯಕಟ್ಟಿನ ಕುಟುಂಬದಲ್ಲಿ ನೆಲ ಹೆಣ್ಣಿನ ಸಂತತಿಯಲ್ಲಿ ಇಳಿದುಬರುತ್ತದೆ ಎಂಬುದು ನಮಗೆಲ್ಲ ಗೊತ್ತಿದ್ದ ನಿಯಮ. ಹಾಗಿದ್ದೂ ನಮ್ಮ ಕುಟುಂಬದ ಕಥೆ ಗಂಡಸೊಬ್ಬನ ಬರವಿನಿಂದಲೇ ಆರಂಭವಾಗುತ್ತಿತ್ತು. ಮುತ್ತಜ್ಜಿ ಹಳಿ ದಾಟಿ ಕಾಯಿ ಹೆಕ್ಕಿಸುತ್ತಿದ್ದುದು ಏಕೆಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕುಟುಂಬದ ಇತಿಹಾಸ ಬರೆಯುವವರು ವಂಶವೃಕ್ಷವನ್ನು ಗಂಡಸರ ಹೆಸರುಗಳಿಂದ ತುಂಬಿಸಿ ಮುಗಿಸುವುದನ್ನು ಈ ಕರಾವಳಿಯಲ್ಲಿಯೂ ನೋಡುತ್ತೇನೆ. ಇಲ್ಲಿ ಹಾಗೆ ಮಾಡಲು ಕಾರಣವೇ ಇಲ್ಲ, ಏಕೆಂದರೆ ಇಲ್ಲಿಯ ಕಂದಾಯ ದಾಖಲೆಗಳಲ್ಲಿಯೇ ಹೆಂಗಸರ ಹೆಸರುಗಳಿವೆ. ಅವುಗಳನ್ನು ತಲುಪುವ ದಾರಿ ಸರ್ವೆ ನಂಬ್ರ, ನಂಬ್ರವನ್ನು ತಲುಪುವ ದಾರಿ ನಕ್ಷೆ.

ಒಂದೆರಡು ಎಚ್ಚರಿಕೆಗಳು. ಜಾಲತಾಣದಿಂದ ಇಳಿಸಿಕೊಂಡ ನಕ್ಷೆಯನ್ನು ಗಡಿತಕರಾರಿಗೆ ಬಳಸಲು ಹೊರಡಬಾರದು. ಅದಕ್ಕೆ ದೃಢೀಕೃತ ನಕಲು, ಸರ್ವೆಯರ ಅಳತೆ ಬೇಕು. ಬಾಯಮ್ಮನವರ ಮನೆಯವರು ಪತ್ರ ತೋರಿಸಲು ಮೊದಲು ಹಿಂಜರಿದದ್ದು ಸಹಜವೇ ಆಗಿತ್ತು. ನಾನು ಜಾಗ ಕೇಳಲು ಬಂದವನಲ್ಲ, ಹೆಸರು ಕೇಳಲು ಬಂದವನು ಎಂಬುದನ್ನು ಸ್ಪಷ್ಟಪಡಿಸಿದ ಮೇಲೆಯೇ ಪೆಟ್ಟಿಗೆ ತೆರೆಯಿತು. ಅವರ ಚೀಟಿನ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಯಾರಿಗೂ ಕಳುಹಿಸಿಲ್ಲ. ಇನ್ನು, ಮಂಗಳೂರಿನ ತೇವಕ್ಕೆ ಕಾಗದ ಉಳಿಯುವುದು ಕಷ್ಟ. ಮಳೆಗಾಲ ಕಳೆದ ಕೂಡಲೇ ಮನೆಯ ಪತ್ರಗಳನ್ನು ಬಿಡಿಸಿ, ಗೆದ್ದಲಿಲ್ಲವೆಂದು ನೋಡಿ, ಚಪ್ಪಟೆಯಾಗಿ ಇಟ್ಟು, ಎರಡೂ ಮುಖಗಳ ಚಿತ್ರ ತೆಗೆದಿಡಬೇಕು. ಹಿಂಬದಿಯಲ್ಲಿ ನೋಂದಣಿಯ ಪುಸ್ತಕ, ಸಂಪುಟ, ಪುಟದ ಅಂಕಿಗಳಿರುತ್ತವೆ. ಮೂಲ ನಾಶವಾದರೂ ಆ ಅಂಕಿಗಳಿಂದ ನಕಲು ಪಡೆಯಬಹುದು. ಗ್ರಾಮ ನಕ್ಷೆಗಳು ಎಲ್ಲರಿಗೂ ಸಿಗುವಂತೆ ಮಾಡಿದ್ದು ದೊಡ್ಡ ಉಪಕಾರ. ಎಫ್.ಎಂ.ಬಿ. ಚಿತ್ರಗಳ ಮತ್ತು ಸೆಟಲ್‌ಮೆಂಟ್ ರಿಜಿಸ್ಟರುಗಳ ಹಳೆಯ ಪ್ರತಿಗಳನ್ನೂ ಅಂಕಿಗಳು ಓದಲು ಬರುವಷ್ಟು ಸ್ಪಷ್ಟವಾಗಿ, ಬಣ್ಣದಲ್ಲಿ ಸ್ಕ್ಯಾನ್ ಮಾಡಿ ತೆರೆದಿಟ್ಟರೆ ಈ ಜಿಲ್ಲೆಯ ಸಾವಿರಾರು ಮನೆಗಳು ತಮ್ಮ ಯಜಮಾನ್ತಿಯರ ಹೆಸರನ್ನು ಕಂಡುಕೊಳ್ಳಬಲ್ಲವು ಎಂದು ನಾನು ದೃಢವಾಗಿ ನಂಬಿದ್ದೇನೆ.

ಈಗ ಅಜ್ಜನ ಕಡೆಯ ಕೆಲಸ ಹಿಡಿದಿದ್ದೇನೆ. ಬಂಟ್ವಾಳ ಪೇಟೆಯ ಸುತ್ತಲಿನ ಬಿ. ಕಸಬಾ ಮತ್ತು ಬಿ. ಮೂಡ ಗ್ರಾಮಗಳ ನಕ್ಷೆಗಳನ್ನು ಇಳಿಸಿಕೊಂಡು, ಹೊಳೆಯ ಬದಿಯ ನಂಬ್ರಗಳನ್ನು ಪಟ್ಟಿ ಮಾಡುತ್ತಿದ್ದೇನೆ. ಅಲ್ಲಿ ನಮ್ಮ ಕೈಯಲ್ಲಿ ಪತ್ರವಿಲ್ಲ, ನಂಬ್ರವಿಲ್ಲ. ಅಜ್ಜನ ತಾಯಿಯ ಹೆಸರು ಮಾತ್ರ ಇದೆ. ಆದ್ದರಿಂದ ಈ ಸಲ ಕ್ರಮ ತಿರುವುಮುರುವು. ರಿಜಿಸ್ಟರಿನಲ್ಲಿ ಆ ಹೆಸರಿನ ಪಟ್ಟಾದಾರರು ಯಾವ ಯಾವ ನಂಬ್ರಗಳಲ್ಲಿದ್ದಾರೆಂದು ಮೊದಲು ನೋಡಿ, ಅವುಗಳಲ್ಲಿ ನೆರೆ ನುಗ್ಗುವಷ್ಟು ತಗ್ಗಿನಲ್ಲಿರುವುದು ಯಾವುದೆಂದು ಆಮೇಲೆ ನಕ್ಷೆಯಲ್ಲಿ ಹುಡುಕಬೇಕು. ಬಂಟ್ವಾಳದ ದಾಖಲೆ ಕೊಠಡಿಗೆ ಅರ್ಜಿ ಕೊಟ್ಟಾಗಿದೆ.